ರಾಜೀಖುಷಿಯಿಂದ

ಶಹಾಪುರ
೧೨ ಜೂನ್ ೨೦೨೪

ಗುರುದೇವಿಗೆ,

ನಿನಗೆ ಹದಿನೇಳು ಸಲ ಫೋನ್ ಹಚ್ಚಿದೆ. ಎತ್ತಲಿಲ್ಲ. ಅದಕ್ಕೇ ಈ ಕಾಗದವನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಮಂದಿಯ ಖರೀದಿಪತ್ರ, ಆಸ್ತಿ ಹಂಚಿಕೆಯ ವಾಟ್ನಿಪತ್ರ ಬರೆದ ಬಾಂಡ್ ರೈಟರ್ ನಾನು. ಫೋನ್ ಬಂದೇ ಇಲ್ಲ ಅನ್ನಬಹುದು. ಸಹಿ ಮಾಡಿ ಇಸಕೊಂಡ ಕಾಗದ ಮುಟ್ಟಿಲ್ಲ ಅನ್ನಲು ಯಾರಪ್ಪನಿಗೂ ಬರುವುದಿಲ್ಲ.

ನಿನ್ನೆ ಮಂಗಳವಾರ, ಯಾದಗಿರಿಯಲ್ಲಿ ನನ್ನ ಡಯಾಲಿಸಿಸ್ ಇತ್ತು. ಯಂತ್ರ ನೋಡಿಕೊಳ್ಳುವ ಶಾಕೀರ ಹೊಸ ಔಷಧಿಯ ಹೆಸರು ಬರೆದುಕೊಳ್ಳಲು ನನ್ನ ಹೈದರಾಬಾದಿನ ಫೈಲ್ ತಿರುವುತ್ತಿದ್ದ. ನಡುವೆ ನಿನ್ನ ಹೆಸರಿನ ಒಂದು ಹಾಳೆ ಸಿಕ್ಕಿತು. ಆ ಆಸ್ಪತ್ರೆಯ ಗುಮಾಸ್ತ ನಿನ್ನ ರಿಪೋರ್ಟನ್ನು ತಪ್ಪಿ ನನ್ನ ಕಾಗದಕ್ಕೆ ಪಿನ್ ಹೊಡೆದಿದ್ದಾನೆ. ಶಾಕೀರ ಅದನ್ನು ಎರಡು ಸಲ ಓದಿದ. "ಸರ್, ಗುರುದೇವಿ ಅಂದ್ರ ಯಾರ್ರಿ? ಇವರ ಕಿಡ್ನಿ ನಿಮಗ ಪೂರಾ ಕೂಡತದಲ್ರಿ. ಮತ್ತ ಇಲ್ಲಿ ಬಂದು ಯಾಕ ಮಲಗಾಕತ್ತೀರಿ?" ಅಂದ.

ಏಪ್ರಿಲ್‌ನಲ್ಲಿ ಹೈದರಾಬಾದಿನ ಆ ಡಾಕ್ಟರ್ ಹೆಣ್ಣುಮಗಳು ಅವ್ವ, ನನ್ನ ಹೆಂಡತಿ, ತಮ್ಮ ಲಿಂಗಣ್ಣ, ನೀನು, ಎಲ್ಲರೂ ನಿಂತಿರುವಾಗ ತಂಗಿಯದು ಹೊಂದುವುದಿಲ್ಲ ಎಂದು ಒಂದೇ ಮಾತು ಹೇಳಿ ಎದ್ದುಹೋದಳು. ಅವ್ವ ನೆಲಕ್ಕೆ ಕೂತುಬಿಟ್ಟಳು. ನೀನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಯಾದಗಿರಿ ಸ್ಟೇಷನ್ ಬರುವತನಕ ನಿನ್ನನ್ನು ಸಮಾಧಾನ ಮಾಡುತ್ತ ಬಂದವನು ನಾನು. ನಿನ್ನ ತಪ್ಪೇನದ ಬಿಡವಾ ಎಂದು ಎಷ್ಟು ಸಲ ಅಂದೆನೋ. ಸಾಯುವವನು ನಾನು, ಸಮಾಧಾನ ನಿನಗೆ.

ನನಗೆ ನಲವತ್ತಾರು ವರ್ಷ. ಈ ಊರಿನ ಬಿಸಿಲಿನಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ನೀರನ್ನು ಅಳೆದು ಕುಡಿಯುತ್ತೇನೆ. ಮಂಗಳವಾರ ಮತ್ತು ಶುಕ್ರವಾರ ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತೇನೆ. ಹೀಗೆ ಎಷ್ಟು ವರ್ಷ ನಡೆದೀತು ಎಂದು ಕೇಳಿದರೆ ಡಾಕ್ಟರುಗಳು ಮಾತು ಬದಲಿಸುತ್ತಾರೆ.

ಆ ಡಾಕ್ಟರೇ ಸುಳ್ಳು ಹೇಳಿದಳೋ, ನೀನು ಹೇಳಿಸಿದೆಯೋ? ಹದಿನೈದು ದಿನದೊಳಗೆ ಉತ್ತರ ಬರಬೇಕು.

ವಿಶ್ವರಾಧ್ಯ


ಸುರಪುರ
೨೧ ಜೂನ್ ೨೦೨೪

ಅಣ್ಣನಿಗೆ,

ನಿನ್ನ ನೋಟಿಸು ಮುಟ್ಟಿತು. ಅದನ್ನು ಕಾಗದ ಅನ್ನಲು ಮನಸ್ಸು ಒಪ್ಪುವುದಿಲ್ಲ. ಕ್ಷೇಮವೇ ಎಂಬ ಒಂದು ಶಬ್ದ ಅದರಲ್ಲಿಲ್ಲ, ನನ್ನ ಮಗಳು ಅಂಬಿಕಾ ಹೇಗಿದ್ದಾಳೆ ಎಂದೂ ಇಲ್ಲ. ಹಾಗಾಗಿ ನಾನೂ ಸೀದಾ ವಿಷಯಕ್ಕೆ ಬರುತ್ತೇನೆ.

ಹೊಂದುತ್ತದೆ. ಕೊಡುವುದಿಲ್ಲ ಎಂದು ನಾನೇ ಹೇಳಿದೆ.

ಈಗ ಫೆಬ್ರವರಿ ತಿಂಗಳು ನೆನಪು ಮಾಡಿಕೊ. ನನ್ನ ಗಂಡ ತೀರಿಹೋಗಿ ಆರು ವರ್ಷವಾಯಿತು. ಈ ಆರು ವರ್ಷದಲ್ಲಿ ತವರಿನಲ್ಲಿ ಯಾರಾದರೂ ನನಗೆ ಉಡಿ ತುಂಬಿದ್ದಿರೇನು? ನಿನ್ನ ಬಸುರಿ ಮಗಳ ಕುಬಸಕ್ಕೆ ಬಂದಾಗ ಮುತ್ತೈದೆಯರ ಸಾಲು ಮುಗಿಯುವತನಕ ನನ್ನನ್ನು ಅಡುಗೆಮನೆಯಲ್ಲಿ ಹಪ್ಪಳ ಕರಿಯಲು ಕೂರಿಸಿದಿರಿ. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ, ರಿವಾಜು ಎಂದು ನಾನೂ ಸುಮ್ಮನಿದ್ದೆ. ಫೆಬ್ರವರಿಯಲ್ಲಿ ಮಾತ್ರ ಅವ್ವ ಸಗರದಿಂದ ನಿನ್ನ ಮನೆಗೆ ಬಂದು ನನ್ನನ್ನು ಕರೆಸಿದಳು. ಮಣೆ ಹಾಕಿದಿರಿ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಹಸಿರು ಖಣ. ಸೆರಗು ಒಡ್ಡಿದೆ. ಓಣಿಯವರು ಏನಂದಾರೋ ಎಂಬ ಹೆದರಿಕೆ ಒಂದು ಕಡೆ, ನನ್ನನ್ನು ಮತ್ತೆ ಮನೆಮಗಳು ಅಂದುಕೊಂಡರಲ್ಲ ಎಂಬ ಖುಷಿ ಇನ್ನೊಂದು ಕಡೆ. ಆ ಖುಷಿ ಎಷ್ಟು ಹೊತ್ತು ಇತ್ತು ಗೊತ್ತೇನು? ಸೆರಗಿಗೆ ಗಂಟು ಹಾಕುವಷ್ಟು ಹೊತ್ತು. ಅವ್ವ ನನ್ನ ಗಲ್ಲ ಹಿಡಿದು ಅಂದಳು, "ಉಡಿ ತುಂಬಿಸ್ಕೊಂಡಾಕಿ ತವರಿಗಿ ಇಲ್ಲ ಅನಬಾರದವಾ. ನಿಮ್ಮಣ್ಣಗ ಒಂದು ಕಿಡ್ನಿ ಕೊಡು."

ನೀನು ಬಾಯಿಬಿಟ್ಟು ಕೇಳಲೇ ಇಲ್ಲ. ಒಳಗಿನ ಕೋಣೆಗೆ ಹೋಗಿ ಸ್ಟಾಂಪ್ ಪೇಪರ್ ತಂದೆ. ಆಗಲೇ ಟೈಪಾಗಿತ್ತು. "ನನ್ನ ರಾಜೀಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ." ಅಪ್ಪ ಸತ್ತಾಗ ಹೊಲದ ಮೇಲಿನ ನನ್ನ ಹಕ್ಕು ಬಿಡಿಸಿಕೊಂಡ ಪತ್ರದಲ್ಲೂ ಇದೇ ಸಾಲಿತ್ತು, ಬರೆದವನೂ ನೀನೇ. ನಿನ್ನ ಕಸುಬೇ ಹಾಗೆ. ಮೊದಲು ಖುಷಿಯನ್ನು ಬರೆದಿಡುತ್ತೀ, ಆಮೇಲೆ ಸಹಿ ಮಾಡಲು ಮನುಷ್ಯರನ್ನು ಹುಡುಕುತ್ತೀ.

ಹೈದರಾಬಾದಿನಲ್ಲಿ ಆ ಮೇಡಂ ನಿಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಅವರು ಗುರುಮಠಕಲ್ ಕಡೆಯವರು, ನಮ್ಮ ಮಾತು ಚೆನ್ನಾಗಿ ಬರುತ್ತದೆ. "ಇಲ್ಲಿ ನೀ, ನಾ ಇಬ್ಬರೇ ಅದೀವಿ. ಕೊಡೋ ಮನಸ್ಸು ನಿನಗದ ಏನು?" ಎಂದು ಕೇಳಿದರು. ಮೂವತ್ತೆಂಟು ವರ್ಷದಲ್ಲಿ ನನ್ನನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ. ಎಷ್ಟೋ ಹೊತ್ತು ಅತ್ತೆ. ಆಮೇಲೆ ಇಲ್ಲ ಅಂದೆ. ಮನೆಯವರ ಮುಂದೆ ಹೇಳುವ ಧೈರ್ಯ ಇಲ್ಲ ಎಂದೂ ಹೇಳಿದೆ. ಹೇಳುವ ಕೆಲಸ ನನಗೆ ಬಿಡು ಅಂದರು.

ನನ್ನದೂ ಒಂದು ಪ್ರಶ್ನೆ ಇದೆ. ಲಿಂಗಣ್ಣ ನಿನ್ನ ಒಡಹುಟ್ಟಿದ ತಮ್ಮ, ಅವನ ರಕ್ತದ ಗುಂಪೂ ನಿನ್ನದೇ. ಅವನಿಗೆ ಯಾಕೆ ಮಣೆ ಹಾಕಲಿಲ್ಲ?

ಗುರುದೇವಿ


ಶಹಾಪುರ
೩ ಜುಲೈ ೨೦೨೪

ಗುರುದೇವಿಗೆ,

ದಿನವಿಡೀ ಬ್ಲೌಸು ಕತ್ತರಿಸಿ ಕತ್ತರಿಸಿ ನಿನ್ನ ನಾಲಗೆಗೂ ಕತ್ತರಿಯ ಅಭ್ಯಾಸ ಬಂದಿದೆ. ಬರಲಿ.

ನಿನಗೆ ಉಡಿ ತುಂಬದಿದ್ದರೂ ತಪ್ಪು, ರಿವಾಜು ಮುರಿದು ತುಂಬಿದರೂ ತಪ್ಪು. ಅವ್ವ ಎಪ್ಪತ್ತರ ವಯಸ್ಸಿನಲ್ಲಿ ಓಣಿಯವರ ಬಾಯಿಗೆ ಬಿದ್ದು ಆ ಕೆಲಸ ಮಾಡಿದಳು. ಅದರಲ್ಲೂ ನಿನಗೆ ಮೋಸವೇ ಕಂಡಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಲಿಂಗಣ್ಣನ ಮಾತು ಎತ್ತಿದ್ದೀ. ಅವನು ಸಗರದಲ್ಲಿ ನಾಲ್ಕು ಎಕರೆ ಹತ್ತಿ ಮಾಡುವವನು, ಚೀಲ ಹೊರುವವನು. ಹೊಟ್ಟೆ ಕೊಯ್ಸಿಕೊಂಡು ಅವನು ಮಲಗಿದರೆ ಅವನ ಎರಡು ಕೂಸುಗಳನ್ನು, ಅವ್ವನನ್ನು ನೋಡುವವರು ಯಾರು? ನೀನು ಕೂತು ಹೊಲಿಯುವವಳು. ಇದು ಹೆಣ್ಣು ಗಂಡಿನ ಮಾತಲ್ಲ, ಲೆಕ್ಕದ ಮಾತು. ನಿನ್ನ ಹತ್ತಿರ ಎರಡಿವೆ, ಒಂದರಲ್ಲಿ ಮನುಷ್ಯ ಬದುಕುತ್ತಾನೆ. ನನ್ನ ಹತ್ತಿರ ಒಂದೂ ಇಲ್ಲ. ಕೊಟ್ಟರೆ ಇಬ್ಬರು ಉಳಿಯುತ್ತೇವೆ, ಕೊಡದಿದ್ದರೆ ಒಬ್ಬಳು ಉಳಿಯುತ್ತೀ. ಒಂದನೇ ಇಯತ್ತೆಯ ಹುಡುಗರೂ ಬಿಡಿಸುವ ಲೆಕ್ಕ ಇದು.

ಸೋಮವಾರ ಹೈದರಾಬಾದಿಗೆ ಹೋಗಿ ಆ ಡಾಕ್ಟರ್ ಹೆಣ್ಣುಮಗಳ ಎದುರು ನಿನ್ನ ಹಾಳೆ ಇಟ್ಟೆ. ಅದನ್ನು ತೆಗೆದು ಮೇಜಿನ ಖಾನೆಯೊಳಗೆ ಹಾಕಿ, ಇದು ನಿಮ್ಮ ಕೈಗೆ ಬರಬಾರದಿತ್ತು, ತಪ್ಪು ನಮ್ಮದು ಎಂದಳು. ನಿನ್ನ ಬಗ್ಗೆ ಒಂದಕ್ಷರ ಬಿಡಲಿಲ್ಲ. ರೋಗಿ ನಾನು, ನನಗೆ ಸುಳ್ಳು ಹೇಳುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂದು ಕೇಳಿದೆ. ಅವಳು ಕಣ್ಣು ತಗ್ಗಿಸಲಿಲ್ಲ. "ಕೊಡಾಕ ಯಾರ ಬರಲಿ, ಅವರೂ ನನ್ನ ರೋಗಿನೇ ಅದಾರ್ರಿ. ಒಲ್ಲದವರ ಮೈಗಿ ನಾ ಚಾಕು ಹಚ್ಚಂಗಿಲ್ಲ. ಒಲ್ಲೆ ಅಂದಾರಂತ ಅವರ ಮಂದಿ ಕೈಗಿ ಅವರನ್ನ ಕೊಡಂಗೂ ಇಲ್ಲ" ಅಂದಳು. ಅಡ್ಡಗೋಡೆ ಮೇಲೆ ದೀಪ ಇಟ್ಟು ಕೂತಿದ್ದಾಳೆ. ಅವಳ ಮೇಲೆ ವೈದ್ಯರ ಮಂಡಳಿಗೆ ದೂರು ಹಾಕುತ್ತೇನೆ. ಮೂರು ಪುಟ ಬರೆದಾಗಿದೆ.

ನಿನ್ನ ವಿಷಯದಲ್ಲಿ ಯಾವ ಮಂಡಳಿಯೂ ಬೇಕಿಲ್ಲ. ಪಂಚಮಿ ಹಬ್ಬಕ್ಕೆ ನಿನ್ನನ್ನು ಕರೆಯಲು ಈ ಮನೆಯಿಂದ ಯಾರೂ ಬರುವುದಿಲ್ಲ.

ವಿಶ್ವರಾಧ್ಯ


ಸುರಪುರ
೨೭ ಜುಲೈ ೨೦೨೪

ವಿಶ್ವರಾಧ್ಯ ಅವರಿಗೆ,

ಅಣ್ಣ ಎಂದು ಬರೆಯಲು ಕೈ ಒಲ್ಲೆನ್ನುತ್ತಿದೆ. ಅದಕ್ಕೇ ಈ ಬಹುವಚನ.

ನೀವು ನನ್ನ ಮಗಳಿಗೆ ಫೋನ್ ಮಾಡಿದಿರಿ. ಅಂಬಿಕಾಗೆ ಹದಿನೈದು ವರ್ಷ, ಈ ವರ್ಷ ಹತ್ತನೇ ತರಗತಿ. ನಿಮ್ಮವ್ವ ನನ್ನನ್ನು ಕೊಲ್ಲುತ್ತಿದ್ದಾಳೆ ಎಂದು ಅವಳಿಗೆ ಹೇಳಿದಿರಿ. ನನ್ನ ಜೊತೆ ಜಗಳ ಮಾಡಲು ನಿಮಗೆ ಅಂಚೆ ಇಲಾಖೆ ಸಾಲಲಿಲ್ಲ.

ಮೂರು ದಿನ ಅವಳು ತಾಟು ತೆಗೆದುಕೊಂಡು ಹೋಗಿ ಹೊರಗೆ ಕಟ್ಟೆಯ ಮೇಲೆ ಕೂತು ಉಂಡಳು. ನಾಲ್ಕನೇ ದಿನ ಹೊಲಿಗೆ ಮಷಿನ್ ಹತ್ತಿರ ಬಂದು ನಿಂತು ಕೇಳಿದಳು, "ಯವ್ವಾ, ನನಗ ಬೇಕಾಗಿದ್ರ ಕೊಡತಿದ್ದೇನು?" ಕೊಡುತ್ತಿದ್ದೆ ಅಂದೆ, ಯೋಚನೆ ಮಾಡಲೂ ಇಲ್ಲ. "ಹಂಗಾದ್ರ ಮಾವಗ ಯಾಕಿಲ್ಲ?" ಅಂದಳು. ನಾನು ಮಷಿನ್ ತುಳಿಯತೊಡಗಿದೆ. ನೀವು ಸಿಟ್ಟಿನಲ್ಲಿ ಬರೆದ ಯಾವ ಮಾತೂ ನನಗೆ ಇಷ್ಟು ನಾಟಿರಲಿಲ್ಲ. ಅದನ್ನು ನನ್ನ ಮಗಳ ಬಾಯಿಂದಲೇ ಕೇಳಿಸಿದಿರಲ್ಲ, ಈ ಪಾಪ ನಿಮಗೆ ಒಳ್ಳೆಯದು ಮಾಡುವುದಿಲ್ಲ.

ನೀವು ಲೆಕ್ಕ ಬರೆದಿದ್ದೀರಿ. ಅದರಲ್ಲಿ ಒಂದು ಬಿಟ್ಟುಹೋಗಿದೆ. ಆರು ವರ್ಷದ ಹಿಂದೆ ನಮ್ಮ ಮನೆಯವರಿಗೆ ಹರ್ನಿಯಾ ಆಪರೇಷನ್ ಇದ್ದಾಗ, ಸಣ್ಣದು, ಸಂಜೆಗೆ ಎದ್ದು ಚಹಾ ಕುಡಿತಾನ ಎಂದವರು ನೀವು. ಆಸ್ಪತ್ರೆಯವರು ಒಪ್ಪಿಗೆಯ ಕಾಗದ ಕೊಟ್ಟಾಗ ಏನು ಬರೆದಿದೆ ಎಂದು ನಿಮ್ಮನ್ನು ಕೇಳಿದೆ. ಎಲ್ಲಾ ಕಡೆ ಇದೇ ಬರೆದಿರ್ತದ, ನೀ ಸಹಿ ಮಾಡ ಎಂದಿರಿ. ಮಾಡಿದೆ. ಅರಿವಳಿಕೆ ಕೊಟ್ಟ ಮೇಲೆ ಅವರು ಏಳಲೇ ಇಲ್ಲ. ಯಾರ ತಪ್ಪೂ ಅಲ್ಲ, ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂದರು. ಆ ಒಬ್ಬರು ನನ್ನ ಮನೆಯವರು. ಹೀಗೂ ಆಗಬಹುದು ಎಂದು ಆ ಕಾಗದದಲ್ಲೇ ಬರೆದಿತ್ತು ಎಂಬುದು ಮಣ್ಣು ಮಾಡಿ ಬಂದ ಮೇಲೆ ನನಗೆ ಗೊತ್ತಾಯಿತು. ನೀವು ಓದು ಬಲ್ಲವರು, ಆ ಸಾಲನ್ನು ನೋಡಿಯೇ ಇದ್ದಿರಿ.

ಈಗ ನನ್ನ ಕಾರಣ ಕೇಳಿರಿ. ನನಗೆ ಹೆದರಿಕೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಹೈದರಾಬಾದಿನ ಮೇಡಂ ಎಲ್ಲ ಬಿಡಿಸಿ ಹೇಳಿದರು, ಅಪಾಯ ಬಹಳ ಕಡಿಮೆ ಎಂದೂ ಹೇಳಿದರು. ನಂಬುತ್ತೇನೆ. ಆದರೂ ಆ ಗಾಲಿಮಂಚದ ಮೇಲೆ ಮಲಗುವುದು ನನ್ನಿಂದ ಆಗುವುದಿಲ್ಲ. ನಾನು ಏಳದಿದ್ದರೆ ಅಂಬಿಕಾಗೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ನಿಮಗೆ ಇದು ಹೇಡಿತನ ಅನ್ನಿಸಬಹುದು. ಅನ್ನಿಸಲಿ.

ದೂರು ಕೊಡುವ ಮೊದಲು ಲಿಂಗಣ್ಣನನ್ನು ಅದೇ ಕೋಣೆಗೆ ಕಳಿಸಿ ನೋಡಿರಿ. ಮೇಡಂ ಅವನನ್ನೂ ಒಬ್ಬನನ್ನೇ ಕೂರಿಸಿ ಕೇಳಲಿ.

ಗುರುದೇವಿ


ಶಹಾಪುರ
೧೬ ಆಗಸ್ಟ್ ೨೦೨೪

ಗುರುದೇವಿಗೆ,

ನಿನ್ನ ಬಾಯಿ ಮುಚ್ಚಿಸಲೆಂದೇ ಲಿಂಗಣ್ಣನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹತ್ತಿಗೆ ಹುಳದ ಎಣ್ಣೆ ಹೊಡೆಯುತ್ತಿದ್ದವನು, ನಾನು ಹೇಳಿದ ಕೂಡಲೇ ಪಂಪು ಇಳಿಸಿ, ಕೈಕಾಲು ತೊಳೆದು, ಅಂಗಿ ಹಾಕಿಕೊಂಡು ಬಂದ. ಒಂದು ಪ್ರಶ್ನೆ ಕೇಳಲಿಲ್ಲ. ರಕ್ತ ಹಂಚಿಕೊಂಡವರು ಹೀಗಿರಬೇಕು.

ಅವನು ಕೊಟ್ಟ ದಿನ ನಿನ್ನ ಪಾಲಿಗೆ ಈ ಮನೆಯ ಬಾಗಿಲು ಮುಚ್ಚಿತು ಎಂದು ತಿಳಿ. ನಾನು ಎದ್ದು ಓಡಾಡುವ ಸುದ್ದಿಯನ್ನು ಅವರಿವರಿಂದ ಕೇಳಿಕೊ.

ಇದಕ್ಕೆ ಉತ್ತರ ಬರೆಯಬೇಡ.

ವಿಶ್ವರಾಧ್ಯ


ಶಹಾಪುರ
೫ ಅಕ್ಟೋಬರ್ ೨೦೨೪

ಗುರುದೇವಿಗೆ,

ಉತ್ತರ ಬರೆಯಬೇಡ ಅಂದಿದ್ದೆ, ನೀನು ಬರೆಯಲಿಲ್ಲ. ನಾನು ಹೇಳಿದ ಮಾತುಗಳಲ್ಲಿ ಕೇಳಬಾರದ್ದನ್ನು ಮಾತ್ರ ನೀನು ಕೇಳುತ್ತೀ.

ಹೈದರಾಬಾದಿನಲ್ಲಿ ಎಲ್ಲ ತಪಾಸಣೆ ಮುಗಿದ ಮೇಲೆ ಲಿಂಗಣ್ಣನನ್ನೂ ಒಬ್ಬನನ್ನೇ ಒಳಗೆ ಕರೆದರು. ಕಾಲು ತಾಸಿಗೆ ಹೊರಗೆ ಬಂದ, ನೀರು ಕುಡಿದ, ಕೂತ. ಆಮೇಲೆ ಆ ಹೆಣ್ಣುಮಗಳು ನನ್ನನ್ನು ಕರೆದು, ಹೊಂದುವುದಿಲ್ಲ ಎಂದಳು. ಅದೇ ಮಾತು, ಅದೇ ಮುಖ, ಅದೇ ದನಿ. ರಿಪೋರ್ಟ್ ಕೊಡು ಎಂದೆ, ಕೊಡಲು ಬರುವುದಿಲ್ಲ ಎಂದಳು. ಈ ಸಲ ಗುಮಾಸ್ತನೂ ತಪ್ಪು ಮಾಡಲಿಲ್ಲ.

ಬರುವಾಗ ರೈಲಿನಲ್ಲಿ ಲಿಂಗಣ್ಣನ ಎದುರಿಗೇ ಕೂತಿದ್ದೆ. ಅವನು ಕಿಟಕಿ ಬಿಟ್ಟು ಮುಖ ತಿರುಗಿಸಲಿಲ್ಲ. ಶೇಂಗಾ ಕೊಡಿಸಿದೆ, ಹಾಗೇ ಹಿಡಿದುಕೊಂಡು ಕೂತ. ಹೊಂದಲಿಲ್ಲವಲ್ಲ ಎಂಬ ಸಂಕಟವೋ, ಒಲ್ಲೆ ಎಂದು ಬಂದ ನಾಚಿಕೆಯೋ? ಎರಡಕ್ಕೂ ಮನುಷ್ಯ ಹೀಗೇ ಕೂರುತ್ತಾನೆ. ಅಂದಿನಿಂದ ಪ್ರತಿ ಮಂಗಳವಾರ ಹೊಲದ ಕೆಲಸ ಬಿಟ್ಟು, ಸಗರದಿಂದ ಬಸ್ಸು ಹಿಡಿದು ಯಾದಗಿರಿಗೆ ಬಂದು, ನನ್ನ ಡಯಾಲಿಸಿಸ್ ಮುಗಿಯುವತನಕ ಬೆಂಚಿನ ಮೇಲೆ ಕೂತಿರುತ್ತಾನೆ. ಪ್ರೀತಿಯಿಂದ ಬರುತ್ತಿರಬಹುದು. ತಪ್ಪು ಮಾಡಿದ್ದಕ್ಕೂ ಬರುತ್ತಿರಬಹುದು. ಕೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದೆನೋ. ಒಲ್ಲೆ ಅಂದೆ ಎಂದರೆ ಅವನನ್ನು ಕಳೆದುಕೊಳ್ಳುತ್ತೇನೆ. ನಿಜವಾಗಿಯೂ ಹೊಂದಲಿಲ್ಲ ಎಂದರೆ ನಾನು ನಂಬುವುದಿಲ್ಲ.

ವೈದ್ಯರ ಮಂಡಳಿಯ ದೂರು ಕಪಾಟಿನಲ್ಲೇ ಇದೆ. ಕಳಿಸಿದರೆ ಅವರು ಎಲ್ಲರ ಫೈಲುಗಳನ್ನೂ ತೆಗೆಸುತ್ತಾರೆ, ಲಿಂಗಣ್ಣನದೂ ಬಯಲಾಗುತ್ತದೆ. ಅವನನ್ನು ಬಯಲಿಗೆ ಎಳೆಯಲು ನನಗೆ ಮನಸ್ಸಿಲ್ಲ. ನಿನ್ನನ್ನು ಎಳೆಯಲು ಮನಸ್ಸಿತ್ತು. ಹೆಣ್ಣು ಗಂಡಿನ ಮಾತಲ್ಲ ಎಂದು ಜುಲೈನಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು.

ಅಂಬಿಕಾಗೆ ಫೋನ್ ಮಾಡಿದ್ದು ನೀಚ ಕೆಲಸ. ಕ್ಷಮಿಸು ಅನ್ನುವುದಿಲ್ಲ. ಕ್ಷಮಿಸಿದೆ ಎಂದು ನೀನು ದೊಡ್ಡವಳ ಹಾಗೆ ಉತ್ತರ ಬರೆದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ನಿನ್ನ ಗಂಡನ ಒಪ್ಪಿಗೆ ಕಾಗದದ ಆ ಸಾಲನ್ನು ನಾನು ಓದಿದ್ದೆ. ನೀನು ಹೆದರುತ್ತೀ ಎಂದು ಹೇಳಲಿಲ್ಲ.

ಈಗ ನಾನೇ ಕೇಳುತ್ತೇನೆ. ಅವ್ವನ ಬಾಯಿಂದಲ್ಲ, ಟೈಪು ಮಾಡಿಸಿದ ಕಾಗದದಿಂದಲೂ ಅಲ್ಲ. ನಾನು ಬದುಕಬೇಕು, ಗುರುದೇವಿ. ನನಗೆ ಸಾಯಲು ಮನಸ್ಸಿಲ್ಲ. ನಿನ್ನದೊಂದು ಕಿಡ್ನಿ ನನಗೆ ಕೊಡುತ್ತೀಯಾ? ಇಲ್ಲ ಅನ್ನುವುದಿದ್ದರೆ ಇಲ್ಲ ಎಂದೇ ಬರೆ. ಕಾರಣ ಬರೆಯಬೇಡ, ಅದು ನನಗೆ ಗೊತ್ತಿದೆ.

ವಿಶ್ವರಾಧ್ಯ


ಸುರಪುರ
೧೪ ಅಕ್ಟೋಬರ್ ೨೦೨೪

ಅಣ್ಣನಿಗೆ,

ಇಲ್ಲ. ಕೊಡುವುದಿಲ್ಲ.

ಇದನ್ನು ಬರೆಯಲು ಆರು ದಿನ ಹಿಡಿಯಿತು. ಹಬ್ಬದ ಹೊಲಿಗೆಯನ್ನೆಲ್ಲ ಹಾಗೇ ಬಿಟ್ಟು ಕೂತಿದ್ದೆ, ಗಿರಾಕಿಗಳು ಬಾಗಿಲಿಗೆ ಬಂದು ಬೈದುಹೋದರು. ಒಂದು ದಿನ ಹೂಂ ಎಂದು ಬರೆದೆ. ಬರೆದ ಮೇಲೆ ಒಂದು ತುತ್ತು ಅನ್ನ ಇಳಿಯಲಿಲ್ಲ. ಅಂಬಿಕಾ ನನ್ನ ಮುಖ ನೋಡಿ ಏನಾಯಿತು ಎಂದಳು. ಆ ಹಾಳೆಯನ್ನು ಹರಿದುಹಾಕಿದೆ.

ನೀನು ಕೇಳಿದ್ದರಿಂದ ಮನಸ್ಸು ಕರಗಿತು ಎಂಬುದು ನಿಜ. ಕರಗಿದರೂ ಕೊಡಲಾರೆ. ಇದರ ಅರ್ಥ ಏನೆಂದು ನನಗೆ ಗೊತ್ತಿದೆ. ನಾಳೆ ನಿನಗೇನಾದರೂ ಆದರೆ ಶಹಾಪುರ, ಸಗರ, ಸುರಪುರ ಮೂರೂ ಊರಿನವರು ಗುರುದೇವಿ ಕೊಂದಳು ಎನ್ನುತ್ತಾರೆ. ಕೆಲವು ದಿನ ನಾನೂ ಹಾಗೇ ಅಂದುಕೊಳ್ಳುತ್ತೇನೆ. ಅದನ್ನೆಲ್ಲ ತಿಳಿದೇ ಬರೆಯುತ್ತಿದ್ದೇನೆ. ಏಪ್ರಿಲ್‌ನಲ್ಲಿ ಮೇಡಂ ಹಿಂದೆ ಅಡಗಿಕೊಂಡು ಹೇಳಿದ್ದನ್ನು ಈಗ ನಿನ್ನ ಎದುರು ನಿಂತು ಹೇಳುತ್ತಿದ್ದೇನೆ. ನೀನು ಸಾಯಬಾರದು ಎಂದು ದಿನಾ ದೇವರ ಮುಂದೆ ನಿಲ್ಲುತ್ತೇನೆ, ಕೊಡುವುದೂ ಇಲ್ಲ. ಎರಡೂ ಸುಳ್ಳಲ್ಲ.

ಬರುವ ಮಂಗಳವಾರ, ಇಪ್ಪತ್ತೆರಡಕ್ಕೆ, ಯಾದಗಿರಿಗೆ ಬರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಮುಖ ತಿರುಗಿಸಿದರೆ ಗೋಡೆ ನೋಡುತ್ತ ಕೂರುತ್ತೇನೆ.

ನಿನ್ನ ತಂಗಿ
ಗುರುದೇವಿ


ಶಹಾಪುರ
೧೭ ಅಕ್ಟೋಬರ್ ೨೦೨೪

ಗುರುದೇವಿಗೆ,

ನಿನ್ನ ಕಾಗದ ನಿನ್ನೆ ಮುಟ್ಟಿತು. ಮೊದಲ ಸಾಲು ಓದಿ ಎಸೆದೆ. ಹೆಂಡತಿ ಎತ್ತಿಟ್ಟಿದ್ದಳು, ಇಂದು ಉಳಿದದ್ದನ್ನು ಓದಿದೆ. ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಎಂಬ ಭರವಸೆಯನ್ನೂ ಕೊಡುವುದಿಲ್ಲ.

ಮಂಗಳವಾರ ಬರಬೇಡ. ಮಂಗಳವಾರ ಲಿಂಗಣ್ಣ ಇರುತ್ತಾನೆ. ಅವನು ಕೂತಿರುವ ನಾಲ್ಕು ತಾಸೂ ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡಿರುತ್ತೇನೆ. ಅವನ ಮುಖದಲ್ಲಿ ಏನಿದೆ ಎಂದು ಹುಡುಕಿ ಹುಡುಕಿ ನನಗೆ ಸಾಕಾಗಿದೆ.

ನಿನ್ನ ಮುಖದಲ್ಲಿ ಹುಡುಕುವುದು ಏನೂ ಉಳಿದಿಲ್ಲ. ಶುಕ್ರವಾರ ಬಾ.

ಅಣ್ಣ